ಲಗೋರಿ ಚೆಂಡಿಗೆ ಜೋರು ಎಲ್ಲಿಂದ ಬರುತ್ತದೆ?

ಲಗೋರಿ ಆಡಿದ್ದೀರಲ್ಲ? ನಮ್ಮ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆ ಶಾಲೆ ಬಿಟ್ಟ ಮೇಲೆ ಬಯಲಿಗೆ ಹೋದರೆ ಏಳು ಚಪ್ಪಟೆ ಕಲ್ಲು ಹುಡುಕುವುದು ದೊಡ್ಡ ಮಾತಲ್ಲ. ಕಲ್ಲು ಸಿಗದಿದ್ದರೆ ಒಡೆದ ಹಂಚಿನ ಚೂರು ಇದ್ದೇ ಇದೆ. ಒಂದರ ಮೇಲೊಂದು ಪೇರಿಸಿ, ಇತ್ತ ಒಂದು ಗೆರೆ ಎಳೆದು, ಗೆರೆ ತುಳಿಯದೆ ನಿಂತು ಚೆಂಡು ಬೀಸಬೇಕು. ಕಲ್ಲು ಉರುಳಿದವೋ, ಓಟ ಶುರು!

ಇಂದು ಓಟದ ಮಾತು ಬೇಡ, ಆ ಮೊದಲ ಎಸೆತವನ್ನಷ್ಟೇ ನೋಡೋಣ. ಪ್ರತಿ ಗುಂಪಿನಲ್ಲೂ ಒಬ್ಬ ಸಣಕಲು ಹುಡುಗನೋ ಹುಡುಗಿಯೋ ಇದ್ದೇ ಇರುತ್ತಾರೆ. ತೋಳಿನಲ್ಲಿ ಮಾಂಸವೇ ಇಲ್ಲ, ಚೆಂಡು ಮಾತ್ರ ರೊಯ್ಯನೆ ಹೋಗುತ್ತದೆ. ದಪ್ಪ ತೋಳಿನ ಇನ್ನೊಬ್ಬ ಹಲ್ಲು ಕಚ್ಚಿ ಎಸೆದರೂ ಚೆಂಡು ಅರ್ಧ ದಾರಿಯಲ್ಲೇ ನೆಲ ಮುಟ್ಟುತ್ತದೆ. ಜೋರೆಲ್ಲ ತೋಳಿನಲ್ಲೇ ಇರುವುದಾದರೆ ಹೀಗಾಗಬಾರದಿತ್ತು. ಹಾಗಾದರೆ ಆ ಸಣಕಲು ಮಗು ಜೋರನ್ನು ತಂದದ್ದು ಎಲ್ಲಿಂದ?

ಬನ್ನಿ, ಹುಡುಕೋಣ. ಒಂದು ರಬ್ಬರ್ ಚೆಂಡು ಸಾಕು, ಹಳೆ ಬಟ್ಟೆ ಸುತ್ತಿ ದಾರ ಬಿಗಿದ ಚೆಂಡಾದರೂ ನಡೆಯುತ್ತದೆ. ಕಲ್ಲು ಮಾತ್ರ ಬೇಡ. ಜೊತೆಗೊಬ್ಬ ಗೆಳೆಯ ಅಥವಾ ಗೆಳತಿ, ಗುರುತು ಹಾಕಲು ಒಂದು ಕಡ್ಡಿ, ಎದುರಿಗೆ ಯಾರೂ ಇಲ್ಲದ ಬಯಲು. ನೀವು ಎಡಚರಾದರೆ ನಾನು ಬಲ ಎಂದಲ್ಲೆಲ್ಲ ಎಡ, ಎಡ ಎಂದಲ್ಲೆಲ್ಲ ಬಲ ಎಂದು ಓದಿಕೊಳ್ಳಿ.

ಮೊದಲು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಚೆಂಡು ಎಸೆಯಿರಿ. ಬಿದ್ದಲ್ಲಿ ಗೆಳೆಯ ಒಂದು ಗೀಟು ಎಳೆಯಲಿ. ಆಮೇಲೆ ಮೊಣಕಾಲೂರಿ ಎಸೆಯಿರಿ, ಇನ್ನೊಂದು ಗೀಟು. ಮೂರನೆಯದು, ಎದ್ದು ನಿಂತು, ಎರಡೂ ಪಾದ ಜೋಡಿಸಿ, ಎದೆ ನೇರ ಮುಂದಕ್ಕೆ ಮಾಡಿ ಎಸೆಯಿರಿ. ಕೊನೆಯದಾಗಿ ಎಡ ಭುಜ ಮುಂದೆ ಬರುವಂತೆ ಅಡ್ಡ ತಿರುಗಿ ನಿಂತು, ಎಡಗಾಲನ್ನು ಒಂದು ದೊಡ್ಡ ಹೆಜ್ಜೆ ಮುಂದಿಟ್ಟು ಬೀಸಿರಿ.

ಈಗ ಗೀಟುಗಳ ಹತ್ತಿರ ಹೋಗಿ ನೋಡಿ. ಕುಳಿತು ಎಸೆದದ್ದು ಎಲ್ಲಕ್ಕಿಂತ ಹತ್ತಿರ, ಹೆಜ್ಜೆ ಇಟ್ಟು ಎಸೆದದ್ದು ಎಲ್ಲಕ್ಕಿಂತ ದೂರ ಇರುತ್ತದೆ. ನಾಲ್ಕು ಸಲವೂ ತೋಳು ಅದೇ, ಚೆಂಡೂ ಅದೇ. ಹೆಚ್ಚಿಗೆ ಸೇರಿದ್ದು ಏನು? ಮೊದಲು ಸೊಂಟ ಬಿಡುವಾಯಿತು, ಆಮೇಲೆ ಕಾಲು ಬಂತು, ಕೊನೆಗೆ ಹೆಜ್ಜೆ ಬಂತು. ಚೆಂಡನ್ನು ಹಿಡಿದದ್ದು ಕೈಯಾದರೂ ಅದಕ್ಕೆ ಜೋರು ಕೊಟ್ಟದ್ದು ಬಹುಪಾಲು ಕಾಲು ಮತ್ತು ಸೊಂಟ. ಈ ಮಾತನ್ನು ನಂಬಬೇಡಿ, ಗೀಟು ಅಳೆದು ನೋಡಿ.

ಮನೆಯಲ್ಲಿ ಎರಡು ಮೂರು ವರ್ಷದ ತಮ್ಮನೋ ತಂಗಿಯೋ ಇದ್ದರೆ ಅವರ ಕೈಗೂ ಒಂದು ಚೆಂಡು ಕೊಡಿ. ಎದುರಿಗೆ ಮುಖ ಮಾಡಿ, ಕಾಲು ಊರಿದಲ್ಲೇ ಊರಿ, ಬರೀ ಮೊಣಕೈ ಮಡಚಿ ಬಿಚ್ಚಿ ಚೆಂಡನ್ನು ತಳ್ಳುತ್ತಾರೆ. ಸ್ವಲ್ಪ ದೊಡ್ಡ ಮಕ್ಕಳು ಒಂದು ಹೆಜ್ಜೆ ಇಡಲು ಕಲಿತಿರುತ್ತಾರೆ, ಆದರೆ ತಮಾಷೆ ನೋಡಿ, ಚೆಂಡು ಹಿಡಿದ ಕೈಯ ಕಡೆಯ ಕಾಲನ್ನೇ ಮುಂದಿಡುತ್ತಾರೆ. ಇನ್ನೂ ಬೆಳೆದ ಮೇಲೆ ಎದುರು ಕಾಲು ಮುಂದೆ ಬರುತ್ತದೆ. ಅಮೆರಿಕದ ಮೋನಿಕಾ ವೈಲ್ಡ್ ಎಂಬುವರು ಮಕ್ಕಳ ಎಸೆತವನ್ನು ಕೂತು ನೋಡಿ 1938ರಲ್ಲೇ ಈ ಮೆಟ್ಟಿಲುಗಳನ್ನು ಬರೆದಿಟ್ಟರು. ಅಂಬೆಗಾಲಿನಿಂದ ನಡಿಗೆಗೆ ಹೋದ ಹಾಗೆಯೇ ಇದೂ. ಹೆಚ್ಚಿನವರಿಗೆ ಯಾರೂ ಕೂರಿಸಿ ಹೇಳಿಕೊಟ್ಟಿರುವುದಿಲ್ಲ, ಎಸೆಯುತ್ತ ಎಸೆಯುತ್ತ ಮೈ ತಾನೇ ದಾರಿ ಕಂಡುಕೊಂಡಿರುತ್ತದೆ.

ಎಸೆಯಲು ಅವಕಾಶವೇ ಸಿಗದಿದ್ದರೆ? ಆಗ ದೊಡ್ಡವರಾದರೂ ನಡುವಿನ ಮೆಟ್ಟಿಲಲ್ಲೇ ನಿಂತುಬಿಡುತ್ತಾರೆ. ಹುಡುಗಿಯರಿಗೆ ಎಸೆಯಲು ಬರುವುದಿಲ್ಲ ಎಂದು ನಗುವ ಹುಡುಗರನ್ನು ನಾನು ಕಂಡಿದ್ದೇನೆ. ಅವರಿಗೆ ಒಂದು ಪಂಥ ಹಾಕಿ: ಬಲಗೈ ಬಿಟ್ಟು ಎಡಗೈಯಲ್ಲಿ ಎಸೆದು ತೋರಿಸಲಿ. ಅಭ್ಯಾಸವಿಲ್ಲದ ಕೈ ಯಾರದಾದರೂ ಹಾಗೆಯೇ ಇರುತ್ತದೆ.

ಎದುರು ಕಾಲೇ ಏಕೆ ಮುಂದೆ ಬರಬೇಕು? ಚೆಂಡು ಕೆಳಗಿಟ್ಟು, ಎರಡೂ ಕೈ ಸೊಂಟದ ಮೇಲಿಟ್ಟು ನಿಂತು ನೋಡಿ. ಬಲಗಾಲು ಮುಂದಿಟ್ಟರೆ ಸೊಂಟದ ಬಲಭಾಗ ಆಗಲೇ ಮುಂದೆ ಬಂದಾಯಿತು, ಇನ್ನು ತಿರುಗಲು ಜಾಗವೇ ಉಳಿಯಲಿಲ್ಲ. ಎಡಗಾಲು ಮುಂದಿಟ್ಟರೆ ಸೊಂಟ ಅಡ್ಡವಾಗಿರುತ್ತದೆ, ಹೊಕ್ಕುಳು ಪಕ್ಕದ ಬೇಲಿಯನ್ನು ನೋಡುತ್ತಿರುತ್ತದೆ. ಈಗ ಹಿಂದಿನ ಕಾಲಿನಿಂದ ನೆಲ ಒದ್ದು ಹೊಕ್ಕುಳನ್ನು ಬೇಲಿಯಿಂದ ಗುರಿಯ ಕಡೆ ತಿರುಗಿಸಿ. ಎಷ್ಟು ದೊಡ್ಡ ತಿರುವು ಸಿಕ್ಕಿತು ನೋಡಿ! ಚೆಂಡಿಗೆ ಹೋಗುವ ಜೋರು ಹುಟ್ಟುವುದೇ ಈ ತಿರುವಿನಲ್ಲಿ.

ಹುಟ್ಟಿದ ಜೋರು ಸೊಂಟದಿಂದ ಬೆರಳ ತುದಿಗೆ ಬರುವ ದಾರಿಯೇ ಈ ಕಥೆಯ ಸೊಗಸು. ಕಾರಹುಣ್ಣಿಮೆಗೆ ಎತ್ತು ಹೊಡೆದುಕೊಂಡು ಬರುವವರು ಉದ್ದನೆಯ ಚಾಟಿ ಬೀಸುವುದನ್ನು ನೋಡಿದ್ದೀರಾ? ಹಿಡಿಕೆ ಹಿಡಿದ ಕೈ ಅಲ್ಲಾಡುವುದು ಒಂದು ಗೇಣು, ಅದೂ ಅವಸರವಿಲ್ಲದೆ. ಆದರೆ ತುದಿ ‘ಛಟೀರ್’ ಎನ್ನುತ್ತದೆ. ಬುಡದಲ್ಲಿ ಚಾಟಿ ದಪ್ಪ, ಹೋಗುತ್ತ ಹೋಗುತ್ತ ತೆಳು. ಬುಡ ಮೊದಲು ಚಲಿಸಿ ನಿಂತುಬಿಡುತ್ತದೆ. ಅದರ ನೂಕು ಮುಂದಿನ ತುಂಡಿಗೆ ಹೋಗುತ್ತದೆ, ಆ ತುಂಡು ನಿಂತಾಗ ಅದರ ಮುಂದಿನದಕ್ಕೆ. ನೂಕು ಅಷ್ಟೇ, ಹೊರಬೇಕಾದ ತೂಕ ಮಾತ್ರ ಕಡಿಮೆಯಾಗುತ್ತ ಹೋಗುತ್ತದೆ. ಹಾಗಾಗಿ ವೇಗ ಏರುತ್ತಲೇ ಹೋಗುತ್ತದೆ. ಕೊನೆಗೆ ತುದಿ ಶಬ್ದವನ್ನೂ ಹಿಂದೆ ಹಾಕುತ್ತದೆ, ಅಂದರೆ ಗಂಟೆಗೆ 1,200 ಕಿಲೋಮೀಟರಿಗಿಂತ ಹೆಚ್ಚು. ನಮಗೆ ಕೇಳುವ ಆ ಛಟೀರ್ ಅದೇ. ಚರ್ಮಕ್ಕೆ ಚರ್ಮ ಬಡಿದ ಸದ್ದಲ್ಲ.

ನಿಮ್ಮ ಮೈಯೂ ಹೀಗೇ ಜೋಡಿಸಿದ ಚಾಟಿ. ತೊಡೆ, ಸೊಂಟ ಭಾರ. ಎದೆ ಅದಕ್ಕಿಂತ ಸ್ವಲ್ಪ ಹಗುರ. ಆಮೇಲೆ ತೋಳು, ಮುಂಗೈ, ಹಸ್ತ, ಕೊನೆಗೆ ಬೆರಳು. ಮುಂದಿಟ್ಟ ಪಾದ ನೆಲಕ್ಕೆ ಊರಿ ನಿಂತ ಕ್ಷಣ ಸೊಂಟ ತಿರುಗುತ್ತದೆ. ಸೊಂಟದ ವೇಗ ತಗ್ಗುವಾಗ ಎದೆ ತಿರುಗುತ್ತದೆ. ಎದೆ ನಿಧಾನವಾಗುವಾಗ ತೋಳು ಹೊರಡುತ್ತದೆ. ತೋಳಿನ ಹಿಂದೆ ಮೊಣಕೈ ಬಿಚ್ಚಿಕೊಳ್ಳುತ್ತದೆ, ಮಣಿಕಟ್ಟು ಬಾಗುತ್ತದೆ, ಬೆರಳು ಚೆಂಡನ್ನು ಬಿಡುತ್ತದೆ. ಎಲ್ಲವೂ ಒಟ್ಟಿಗೆ ಹೊರಟರೆ ಚೆಂಡಿಗೆ ವೇಗ ಬರುವುದಿಲ್ಲ. ಸರದಿ ತಪ್ಪಬಾರದು. ದಪ್ಪ ತೋಳಿನ ಗೆಳೆಯ ಎಡವುವುದು ಇಲ್ಲೇ: ಜೋರೆಲ್ಲ ತೋಳಿನದೇ ಎಂದುಕೊಂಡು, ಸೊಂಟ ತಿರುಗುವ ಮೊದಲೇ ತೋಳನ್ನು ಮುಂದೆ ದೂಡಿಬಿಡುತ್ತಾನೆ.

ಈ ಸರದಿಯ ನಡುವೆ ಹೆಗಲಿನಲ್ಲಿ ಒಂದು ಚಮತ್ಕಾರ ನಡೆಯುತ್ತದೆ. ಬಲತೋಳನ್ನು ಪಕ್ಕಕ್ಕೆ, ಹೆಗಲಿನ ಮಟ್ಟಕ್ಕೆ ಎತ್ತಿ. ಮೊಣಕೈ ಮಡಚಿ, ಬೆರಳು ಆಕಾಶ ನೋಡಲಿ. ಈಗ ತೋಳನ್ನು ಹಾಗೇ ಬಿಟ್ಟು ಎದೆಯನ್ನು ಮಾತ್ರ ಮುಂದೆ ತನ್ನಿ. ಹಸ್ತ ಹಿಂದಕ್ಕೆ ವಾಲಿತಲ್ಲ? ಹೆಗಲಿನ ಮುಂಭಾಗದಲ್ಲಿ ಏನೋ ಎಳೆದಂತಾಯಿತಲ್ಲ? ಅಲ್ಲಿರುವ ಸ್ನಾಯು, ಅದನ್ನು ಎಲುಬಿಗೆ ಕಟ್ಟಿದ ನಾರು, ಕೀಲನ್ನು ಹಿಡಿದ ಪಟ್ಟಿ ಇವೆಲ್ಲ ಹಿಗ್ಗುತ್ತವೆ. ಹಿಗ್ಗಿದ್ದು ಮತ್ತೆ ತನ್ನ ಅಳತೆಗೆ ಬರಲು ಹವಣಿಸುತ್ತದೆ. ಬಂದಾಗ ತೋಳು ಮುಂದಕ್ಕೆ ಸಿಡಿಯುತ್ತದೆ.

ಎಷ್ಟು ಜೋರಾಗಿ? ಅಮೆರಿಕದ ನೀಲ್ ರೋಚ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಚೆಂಡೆಸೆಯುವ ಯುವಕರನ್ನು ಕ್ಯಾಮೆರಾಗಳ ನಡುವೆ ನಿಲ್ಲಿಸಿ ಅಳೆದರು. 2013ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಆ ಗಳಿಗೆಯಲ್ಲಿ ತೋಳಿನ ಎಲುಬು ಹೆಗಲಿನೊಳಗೆ ಸೆಕೆಂಡಿಗೆ 9,000 ಡಿಗ್ರಿಯಷ್ಟು ವೇಗದಲ್ಲಿ ತಿರುಗಬಲ್ಲದು. ಒಂದು ಸುತ್ತಿಗೆ 360 ಡಿಗ್ರಿ ಎಂದು ಗಣಿತದಲ್ಲಿ ಓದಿದ್ದೀರಿ, ಭಾಗಿಸಿ ನೋಡಿ. ಅದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ಸೆಕೆಂಡಿಗೆ 25 ಸುತ್ತು! ಮನುಷ್ಯನ ಮೈ ಮಾಡುವ ಚಲನೆಗಳಲ್ಲಿ ಇದಕ್ಕಿಂತ ವೇಗದ್ದು ಇಲ್ಲ. ಆದರೆ ಇದು ನಡೆಯುವುದು ಕಣ್ಣು ಒಮ್ಮೆ ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು. ಆದ್ದರಿಂದಲೇ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ರೋಚ್ ಅವರ ಗುಂಪು ಇನ್ನೊಂದು ಪ್ರಶ್ನೆಯನ್ನೂ ಹಿಡಿದು ಹೊರಟಿತ್ತು. ಚಿಂಪಾಂಜಿಯ ತೋಳು ನಮ್ಮ ತೋಳಿಗಿಂತ ಬಲವಾದದ್ದು. ಆದರೂ ಅದು ಎಸೆದ ಚೆಂಡಿನ ವೇಗ ಗಂಟೆಗೆ ಸುಮಾರು 30 ಕಿಲೋಮೀಟರ್ ಅಷ್ಟೇ. ಚೆನ್ನಾಗಿ ಆಡುವ ಹನ್ನೆರಡು ವರ್ಷದ ಮಗು ಅದಕ್ಕಿಂತ ಎಷ್ಟೋ ಮುಂದೆ. ಕಾರಣ ಮೈಯ ಕಟ್ಟು. ಮರ ಹತ್ತುವ ಚಿಂಪಾಂಜಿಯ ಹೆಗಲ ಕೀಲು ಮೇಲ್ಮುಖವಾಗಿದೆ, ಸೊಂಟ ಗಿಡ್ಡ, ಎದೆ ಮತ್ತು ಸೊಂಟವನ್ನು ಬೇರೆ ಬೇರೆಯಾಗಿ ತಿರುಗಿಸಲು ಅದಕ್ಕೆ ಆಗದು. ನಮ್ಮ ಹೆಗಲು ತಗ್ಗಿನಲ್ಲಿ ಅಗಲವಾಗಿ ಕೂತಿದೆ, ಸೊಂಟ ಉದ್ದವಾಗಿದೆ. ಈ ಅನುಕೂಲಗಳೆಲ್ಲ ಒಟ್ಟಿಗೆ ಕೂಡಿಬಂದದ್ದು ಸುಮಾರು 20 ಲಕ್ಷ ವರ್ಷದ ಹಿಂದಿನ ನಮ್ಮ ಪೂರ್ವಜರಲ್ಲಿ ಎಂದು ಅವರು ಹೇಳುತ್ತಾರೆ. ಓಡುವ ಪ್ರಾಣಿಗೆ ದೂರದಿಂದಲೇ ಗುರಿ ಇಡಬಲ್ಲವರಿಗೆ ಊಟ ಸಿಕ್ಕಿತು ಎಂಬುದು ಅವರ ಊಹೆ.

ಅಷ್ಟು ಹಿಂದೆ ಹೋಗುವುದೇ ಬೇಡ, ನಿಮ್ಮ ಅಜ್ಜನ ಹತ್ತಿರ ಹೋಗಿ. ಜೋಳದ ತೆನೆಯಲ್ಲಿ ಹಾಲು ತುಂಬಿ, ಸೀತನಿ ತಿನ್ನುವ ಹೊತ್ತಿಗೆ ಗಿಳಿ, ಗುಬ್ಬಿ, ಗೀಜಗ ಹಿಂಡುಗಟ್ಟಿ ಬರುತ್ತಿದ್ದವು. ಅವನ್ನು ಓಡಿಸಲು ಹೊಲದ ನಡುವೆ ಅಟ್ಟ ಕಟ್ಟಿ, ಕವಣೆ ಹಿಡಿದು ನಿಲ್ಲುತ್ತಿದ್ದರು. ಹುರಿ ಹೊಸೆದು ಮಾಡಿದ ಉದ್ದನೆಯ ದಾರ, ನಡುವೆ ಅಂಗೈಯಗಲ ಹೆಣೆದ ಜಾಗ, ಅದರಲ್ಲೊಂದು ಮಣ್ಣಿನ ಹೆಂಟೆ. ಒಂದು ತುದಿಯ ಕುಣಿಕೆ ಬೆರಳಿಗೆ ಸಿಕ್ಕಿಸಿರುತ್ತದೆ, ಇನ್ನೊಂದು ತುದಿ ಹೆಬ್ಬೆರಳಿನ ಅಡಿಯಲ್ಲಿ. ಬೀಸಿ ಬೀಸಿ ಹೆಬ್ಬೆರಳು ಸಡಿಲಿಸಿದರೆ ಹೆಂಟೆ ಹೊಲದ ಆಚೆ ಬದುವಿಗೆ. ತೋಳಿಗೆ ಇನ್ನೊಂದು ತೋಳು ಗಂಟು ಹಾಕಿದ ಹಾಗಾಯಿತು. ಸುತ್ತು ದೊಡ್ಡದಾದಷ್ಟೂ ತುದಿಯ ವೇಗ ಹೆಚ್ಚು.

“ಅಜ್ಜಾ, ಕವಣಿ ಹೆಂಗ ಬೀಸತಿದ್ದಿ, ತೋರಸು” ಅನ್ನಿ. ಮೊಣಕಾಲು ನೋವು ಎನ್ನುವ ಅಜ್ಜನೂ ಎದ್ದು ನಿಲ್ಲುತ್ತಾನೆ. ಆಗ ಎಲ್ಲರೂ ಅವನ ಕೈ ನೋಡುತ್ತಾರೆ, ನೀವು ಪಾದ ನೋಡಿ. ಬರಿಗೈಯಲ್ಲಿ ಬೀಸಿ ತೋರಿಸುವಾಗಲೂ ಎಡಗಾಲು ಮುಂದೆ ಬರುತ್ತದೆ, ಮೈ ಅಡ್ಡ ತಿರುಗುತ್ತದೆ. “ಕೈಯಾಗ ಏನೈತೋ ತಮ್ಮಾ, ಎಲ್ಲಾ ನಡದಾಗ ಐತಿ” ಅಂದರೂ ಅನ್ನಬಹುದು. ನಡ ಅಂದರೆ ಸೊಂಟ, ನಿಮಗೆ ಗೊತ್ತೇ ಇದೆ.

ದೂರದ ದೇಶಗಳಲ್ಲಿ ಬೇಸ್‌ಬಾಲ್ ಎಂಬ ಆಟವಿದೆ. ಅಲ್ಲಿ ಚೆಂಡೆಸೆಯುವವರನ್ನು ಪಿಚ್ಚರ್ ಎನ್ನುತ್ತಾರೆ. ಕ್ರಿಕೆಟ್ ಬೌಲರಿನಂತೆ ಅವರು ಓಡಿಬರುವುದಿಲ್ಲ. ನಿಂತಲ್ಲಿಂದ ಒಂದೇ ಒಂದು ದೊಡ್ಡ ಹೆಜ್ಜೆ ಹಾಕಿ, 18.44 ಮೀಟರ್ ಆಚೆ ಬ್ಯಾಟು ಹಿಡಿದವರ ಕಡೆ ಎಸೆಯುತ್ತಾರೆ. ಆ ಹೆಜ್ಜೆಯ ಉದ್ದವೇ ಹೆಚ್ಚುಕಡಿಮೆ ಅವರ ಎತ್ತರದಷ್ಟು! ಕ್ರಿಕೆಟ್ಟಿನಲ್ಲಿ ಮೊಣಕೈ ಮಡಚಿ ಬಿಚ್ಚಿ ಎಸೆದರೆ ಅಂಪೈರು ಒಪ್ಪುವುದಿಲ್ಲ, 15 ಡಿಗ್ರಿಗಿಂತ ಹೆಚ್ಚು ಬಿಚ್ಚುವಂತಿಲ್ಲ. ಬೇಸ್‌ಬಾಲಿನಲ್ಲಿ ಆ ಕಟ್ಟಳೆಯೇ ಇಲ್ಲ. ಹಾಗೆ ನೋಡಿದರೆ ಪಿಚ್ಚರು ನಮ್ಮ ಲಗೋರಿ ಹುಡುಗನಿಗೇ ಹತ್ತಿರದ ನೆಂಟ.

ನೆಂಟಸ್ತನ ನಿಜವೇ ಎಂದು 2008ರಲ್ಲಿ ಪರೀಕ್ಷೆಯೂ ಆಯಿತು. ಅಮೆರಿಕದವರು ಭಾರತಕ್ಕೆ ಬಂದು ಜೋರಾಗಿ ಚೆಂಡೆಸೆಯುವವರನ್ನು ಹುಡುಕುವ ಸ್ಪರ್ಧೆ ಇಟ್ಟರು. ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ ಇಬ್ಬರು ಹುಡುಗರು ಆಯ್ಕೆಯಾದರು. ಅವರು ಜಾವೆಲಿನ್, ಅಂದರೆ ಭರ್ಜಿ ಎಸೆಯುತ್ತಿದ್ದವರು. ಬೇಸ್‌ಬಾಲ್ ಚೆಂಡನ್ನು ಹಿಂದೆಂದೂ ಹಿಡಿದವರಲ್ಲ. ಅದೇ ವರ್ಷ ಪಿಟ್ಸ್‌ಬರ್ಗ್ ನಗರದ ತಂಡ ಇಬ್ಬರನ್ನೂ ಸೇರಿಸಿಕೊಂಡಿತು. ಕೈಯಲ್ಲಿರುವುದು ಭರ್ಜಿಯೋ ಚೆಂಡೋ ಹೆಂಟೆಯೋ, ಸೊಂಟಕ್ಕೆ ಅದರ ಚಿಂತೆಯಿಲ್ಲ.

ಜೋರಿನ ಮಾತಾಯಿತು, ಗುರಿ? ತೋಳು ಅಷ್ಟು ವೇಗವಾಗಿ ಸುತ್ತುವಾಗ ಬೆರಳು ತುಸು ಬೇಗ ಬಿಟ್ಟರೆ ಚೆಂಡು ಆಕಾಶಕ್ಕೆ, ತುಸು ತಡವಾದರೆ ಪಾದದ ಹತ್ತಿರಕ್ಕೆ. ಸರಿಯಾದ ಗಳಿಗೆಯನ್ನು ಯೋಚಿಸಿ ಹಿಡಿಯಲು ಯಾರಿಂದಲೂ ಆಗದು. ಅಷ್ಟು ಹೊತ್ತೇ ಇರುವುದಿಲ್ಲ. ಅದಕ್ಕೇ ಎಸೆಯುವಾಗ ‘ಮೊಣಕೈ ಎಲ್ಲಿದೆ, ಮಣಿಕಟ್ಟು ಹೇಗಿದೆ’ ಎಂದು ಒಳಗೊಳಗೇ ಲೆಕ್ಕ ಹಾಕಬೇಡಿ. ಏಳು ಕಲ್ಲಿನಲ್ಲಿ ಒಂದನ್ನು ಆರಿಸಿ, ಮೂರನೆಯದು ಎಂದಿಟ್ಟುಕೊಳ್ಳಿ, ಅದನ್ನೇ ದಿಟ್ಟಿಸಿ. ಮೈ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಮಕ್ಕಳ ಕೈ ಹಿಡಿದು ‘ಹೀಗೆ ಮಡಚು, ಹಾಗೆ ತಿರುಗಿಸು’ ಎಂದು ಒಂದೊಂದು ಕೀಲಿಗೂ ಅಪ್ಪಣೆ ಕೊಡುವ ದೊಡ್ಡವರಿಗಿಂತ, ಕಲ್ಲು ಪೇರಿಸಿಟ್ಟು ದೂರ ಕೂರುವವರೇ ಒಳ್ಳೆಯ ಗುರುಗಳು ಎಂದು ನನಗನಿಸುತ್ತದೆ.

ಚೆಂಡು ಕೈಬಿಟ್ಟ ಮೇಲೂ ಕೆಲಸ ಮುಗಿಯುವುದಿಲ್ಲ. ಅಷ್ಟು ವೇಗದಲ್ಲಿ ಹೊರಟ ತೋಳನ್ನು ಯಾರಾದರೂ ನಿಲ್ಲಿಸಬೇಕಲ್ಲ? ಹೆಗಲಿನ ಹಿಂಬದಿಯ ಸಣ್ಣ ಸ್ನಾಯುಗಳು ಬ್ರೇಕು ಹಾಕುತ್ತವೆ. ತೋಳನ್ನು ಗಕ್ಕನೆ ನಿಲ್ಲಿಸಿದರೆ ಅವಕ್ಕೆ ಬಹಳ ಪೆಟ್ಟು. ತೋಳು ಎದೆಯ ಮುಂದಿನಿಂದ ಹಾದು ಎಡ ಮೊಣಕಾಲಿನ ಕಡೆ ತಾನಾಗಿ ಇಳಿಯಲಿ, ಹಿಂದಿನ ಕಾಲೂ ಬೇಕಾದರೆ ಮುಂದೆ ಬರಲಿ. ಮೈಸೂರಿನ ಜಾವಗಲ್ ಶ್ರೀನಾಥ್ ಎಂಥ ವೇಗದ ಬೌಲರ್! ಅವರೇ 1997ರಲ್ಲಿ ಹೆಗಲಿನ ಗಾಯದಿಂದ ತಿಂಗಳುಗಟ್ಟಲೆ ಆಟ ಬಿಟ್ಟು ಕೂರಬೇಕಾಯಿತು. ದೊಡ್ಡವರ ಗಟ್ಟಿ ಹೆಗಲಿಗೇ ಹೀಗೆ.

ನಿಮ್ಮ ಮೈ ಇನ್ನೂ ಬೆಳೆಯುತ್ತಿದೆ. ಕಿವಿಯನ್ನು ಮೆಲ್ಲಗೆ ಮಡಚಿ ನೋಡಿ. ಎಲುಬಿನಷ್ಟು ಗಟ್ಟಿಯಲ್ಲ, ಮಾಂಸದಷ್ಟು ಮೆತ್ತಗೂ ಅಲ್ಲ, ಅದರ ಹೆಸರು ಮೃದ್ವಸ್ಥಿ. ಅದೇ ಜಾತಿಯ ತೆಳು ಪಟ್ಟಿಯೊಂದು ನಿಮ್ಮ ಉದ್ದ ಎಲುಬುಗಳ ತುದಿಯ ಹತ್ತಿರ ಇದೆ. ಎಲುಬು ಉದ್ದವಾಗುವುದು ಅಲ್ಲಿಯೇ. ಹದಿನೈದು, ಹದಿನಾರು, ಕೆಲವರಿಗೆ ಇನ್ನೂ ಒಂದೆರಡು ವರ್ಷ ಕಳೆದ ಮೇಲೆ ಅದು ಪೂರ್ತಿ ಎಲುಬಾಗಿ ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ, ಎಸೆದಾಗಲೆಲ್ಲ ಮೊಣಕೈಯ ಒಳಬದಿಯನ್ನು ಸ್ನಾಯುಗಳು ಜಗ್ಗುತ್ತವಲ್ಲ, ಆ ಜಗ್ಗಾಟ ತಿಂದುಕೊಳ್ಳುವುದು ಈ ಮೆತ್ತನೆಯ ಪಟ್ಟಿ. ದಿನವೂ ನೂರಾರು ಸಲ ಜಗ್ಗಿದರೆ ಅದು ಊದಿ ನೋಯುತ್ತದೆ, ಬಿರುಕೂ ಬಿಡಬಹುದು.

ಅದಕ್ಕೆ ಅಮೆರಿಕದಲ್ಲಿ ಮಕ್ಕಳ ಪಿಚ್ಚರುಗಳಿಗೆ ಲೆಕ್ಕ ಕಟ್ಟಿದ್ದಾರೆ. 7-8 ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 50 ಎಸೆತ, 9-10ಕ್ಕೆ 75, 11-12ಕ್ಕೆ 85. ಒಂದೇ ದಿನ 66 ಅಥವಾ ಅದಕ್ಕಿಂತ ಹೆಚ್ಚು ಎಸೆದರೆ ನಾಲ್ಕು ದಿನ ಪೂರ್ತಿ ವಿರಾಮ. ವರ್ಷಕ್ಕೆ ನಾಲ್ಕು ತಿಂಗಳಾದರೂ ಎಸೆತವೇ ಬೇಡ, ಬೇರೆ ಆಟ ಆಡಿ ಎನ್ನುತ್ತಾರೆ. ಇದು ಪೂರ್ತಿ ಜೋರಿನ ಎಸೆತದ ಲೆಕ್ಕ, ಲಗೋರಿಯಲ್ಲಿ ಯಾರೂ ಅಷ್ಟು ಎಸೆಯುವುದಿಲ್ಲ. ಆದರೆ ರಜೆಯಲ್ಲಿ ಬೆಳಗಿನಿಂದ ಸಂಜೆತನಕ ಕ್ರಿಕೆಟ್ ಆಡುವವರಿದ್ದೀರಲ್ಲ, ನಿಮ್ಮ ಬೌಲಿಂಗ್, ಬೌಂಡರಿಯಿಂದ ಎಸೆದದ್ದು ಎಲ್ಲ ಕೂಡಿಸಿ ನೋಡಿ. ಮೊಣಕೈಯೋ ಹೆಗಲೋ ನೋಯುತ್ತಿದ್ದರೆ ‘ಗಂಡಸು ತಡಕೋಬೇಕು’ ಎನ್ನುವವರ ಮಾತು ಕೇಳಬೇಡಿ. ಅವ್ವನಿಗೆ ಹೇಳಿ, ಆಟ ಬಿಡಿ. ಮರುದಿನವೂ ನೋವಿದ್ದರೆ ಡಾಕ್ಟರ ಹತ್ತಿರ ಹೋಗಿ.

ಇನ್ನೊಬ್ಬರ ಕಥೆ ಹೇಳದೆ ಬಿಡಲು ನನಗೆ ಮನಸ್ಸಿಲ್ಲ. ಬಿ. ಎಸ್. ಚಂದ್ರಶೇಖರ್, 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಚಿಕ್ಕವರಿದ್ದಾಗ ಪೋಲಿಯೋ ಬಂದು ಬಲಗೈ ಸೊರಗಿತು. ಆ ತೆಳ್ಳಗಿನ ಬಲಗೈಯಲ್ಲೇ ಅವರು ಸ್ಪಿನ್ ಹಾಕಿದರು, ಅದೂ ಸಾಮಾನ್ಯ ಸ್ಪಿನ್ನರಿಗಿಂತ ವೇಗವಾಗಿ. ಓಡಿಬರುವ ಜೋರೆಲ್ಲ ಆ ಹಗುರವಾದ ತೋಳಿಗೆ ಬಂದು, ಕೊನೆಗೆ ಮಣಿಕಟ್ಟಿನಲ್ಲಿ ಸಿಡಿಯುತ್ತಿತ್ತು. 1971ರಲ್ಲಿ ಇಂಗ್ಲೆಂಡಿನ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತರು, ಭಾರತ ಆ ದೇಶದಲ್ಲಿ ಮೊದಲ ಸಲ ಟೆಸ್ಟ್ ಗೆದ್ದಿತು. ಒಟ್ಟು 242 ಟೆಸ್ಟ್ ವಿಕೆಟ್. ಫೀಲ್ಡಿಂಗ್ ಮಾಡುವಾಗ ಚೆಂಡು ಹಿಂದಿರುಗಿಸಲು ಮಾತ್ರ ಅವರು ಎಡಗೈಯಲ್ಲಿ ಎಸೆಯುತ್ತಿದ್ದರು. ಒಂದೇ ಮೈ, ಬೌಲಿಂಗಿಗೆ ಒಂದು ಕೈ, ಎಸೆತಕ್ಕೆ ಇನ್ನೊಂದು ಕೈ!

ನೀವೂ ಎಡಗೈಯಲ್ಲಿ ಎಸೆದು ನೋಡಿ. ಗೆಳೆಯ ಈ ಸಲ ಚೆಂಡು ಬಿದ್ದ ಜಾಗ ನೋಡುವುದು ಬೇಡ, ನಿಮ್ಮ ಕಾಲನ್ನೇ ನೋಡಲಿ. ಮೊದಮೊದಲು ಎಡಗಾಲೇ ಮುಂದೆ ಬಂದೀತು, ಇಲ್ಲವೇ ಕಾಲೇ ಬಾರದೆ ಎರಡು ವರ್ಷದ ತಮ್ಮನ ಹಾಗೆ ನಿಂತಲ್ಲೇ ನಿಂತೀರಿ. ಯಾರನ್ನೂ ಕೇಳದೆ ದಿನಾ ಸ್ವಲ್ಪ ಸ್ವಲ್ಪ ಎಸೆಯುತ್ತ ಹೋಗಿ, ಯಾವ ದಿನ ಬಲಗಾಲು ತಾನಾಗಿ ಮುಂದೆ ಬಂತೆಂದು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಡಿ. ಈ ಎಸೆತಗಳೂ 75ರ ಲೆಕ್ಕಕ್ಕೆ ಸೇರುತ್ತವೆಯೇ ಎಂದು ಕೇಳುವ ಜಾಣರು ನಿಮ್ಮಲ್ಲಿ ಇದ್ದೇ ಇರುತ್ತಾರೆ. ಬೇರೆ ಮೊಣಕೈ, ಬೇರೆ ಲೆಕ್ಕ.